ಹೊಲದ ಮೊಲ ಬೇರೆ, ಮನೆಗೆ ಬಂದ ಮೊಲ ಬೇರೆ

ನಮ್ ಕಡೆ ಮೊಲ ಅನ್ನೋದು ಒಂದೇ ಹೆಸರು, ಪ್ರಾಣಿ ಮಾತ್ರ ಎರಡು. ಕೊಪ್ಪದ ಸುತ್ತ ಮೆಕ್ಕೆಜೋಳದ ಹೊಲದಾಗೆ ಬೆಳಬೆಳಿಗ್ಗೆ ಕಾಲಿನ ಸಪ್ಪಳಕ್ಕೆ ಚಂಗ್ ಅಂತ ನೆಗೆದು ಓಡ್ತೈತಲ್ಲ, ಕಂದುಬಣ್ಣದ್ದು, ಕತ್ತಿನ ಹಿಂದೆ ಕರೀ ಮಚ್ಚೆ ಇರೋದು, ಅದೊಂದು. ಈಗ ಮಕ್ಕಳು ಶಿವಮೊಗ್ಗದಿಂದಾನೋ ದಾವಣಗೆರೆಯಿಂದಾನೋ ರಟ್ಟಿನ ಡಬ್ಬಿಯಾಗೆ ಇಟ್ಕಂಡು ಬಸ್ಸಿನಾಗೆ ತರ್ತಾರಲ್ಲ, ಬಿಳೀದು, ಕೆಂಪು ಕಣ್ಣಿಂದು, ಅದು ಇನ್ನೊಂದು. ಎರಡಕ್ಕೂ ಉದ್ದನೆ ಕಿವಿ ಐತೆ ಅಂತ ನಾವು ಒಂದೇ ಲೆಕ್ಕ ಹಾಕ್ತೀವಿ. ಒಂದೇ ಲೆಕ್ಕ ಹಾಕಿದ್ದರಿಂದಲೇ ಮನೆಗೆ ಬಂದ ಮರಿಗಳು ವಾರ ತುಂಬೋದ್ರಾಗೆ ಸಾಯ್ತಾವೆ ಅಂತ ನನಗೆ ಅನ್ನಿಸೈತೆ.

ಹೋದ ವರ್ಷ ನಮ್ಮ ಓಣಿಯಾಗೆ ಮೂರು ಮನೆಗೆ ಮೊಲದ ಮರಿ ಬಂದ್ವು. ಎರಡು ಮನೇವು ಐದಾರು ದಿನಕ್ಕೆ ಹೋದ್ವು. ಮಕ್ಕಳು ಊಟ ಬಿಟ್ಟು ಅತ್ವು. ಒಬ್ರು ದೃಷ್ಟಿ ಆತು ಅಂದ್ರು, ಇನ್ನೊಬ್ರು ಅದರ ಆಯಸ್ಸೇ ಅಷ್ಟು ಬಿಡ್ರಿ ಅಂದ್ರು. ಅದರ ಆಯಸ್ಸು ಅಷ್ಟಲ್ಲ ಕಣ್ರೀ. ಸರಿಯಾಗಿ ನೋಡ್ಕಂಡ್ರೆ ಮನೆ ಮೊಲ ಎಂಟು-ಹತ್ತು ವರ್ಷ ಬದುಕ್ತೈತೆ. ಒಂದನೇ ಕ್ಲಾಸಿನ ಹುಡುಗಿ ತಂದ ಮರಿ ಅವಳು ಎಸ್ಸೆಸ್ಸೆಲ್ಸಿ ಮುಗಿಸೋ ತನಕ ಮನ್ಯಾಗೆ ಇರಬಹುದು. ಮತ್ಯಾಕೆ ಹೋದ್ವು ಅಂತ ಮಗಳ ಕೈಲಿ ಪುಸ್ತಕ ತರಿಸಿ ಓದ್ದೆ, ಪಶು ಡಾಕ್ಟ್ರನ್ನೂ ಕೇಳ್ದೆ. ಓದ್ತಾ ಓದ್ತಾ ಅದು ಮೊಲದ ಚರಿತ್ರೆಗೇ ಹೋತು. ಚರಿತ್ರೆ ಅಂದ್ರೆ ರಾಜರದ್ದು ಮಾತ್ರ ಅಲ್ಲ ಅಂತ ಆವಾಗ ಅನ್ನಿಸ್ತು, ಅದಕ್ಕೇ ಬರೀತಾ ಇದೀನಿ.

ಮೊದಲು ನಮ್ಮ ಮೊಲದ ವಿಷಯ. ನಮ್ಮ ಗಾದೆಯಾಗೆ, ಕಥೆಯಾಗೆ ಬರೋದೆಲ್ಲ ಈ ಕಾಡುಮೊಲ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತೀವಲ್ಲ, ಆ ಮೊಲ ಇದು. ಹುಣ್ಣಿಮೆ ದಿನ ಚಂದ್ರನಾಗೆ ಅಜ್ಜಿ ತೋರಿಸ್ತಿದ್ದ ಮೊಲ ಇದು, ಅದಕ್ಕೇ ಚಂದ್ರನಿಗೆ ಶಶಾಂಕ ಅಂತ ಹೆಸರು. ಸಿಂಹನ್ನ ಬಾವಿಗೆ ಕೆಡವಿದ ಪಂಚತಂತ್ರದ ಮೊಲ ಇದೇ. ಪಂಚತಂತ್ರವನ್ನ ದುರ್ಗಸಿಂಹ ಅನ್ನೋ ಕವಿ ಕನ್ನಡಕ್ಕೆ ತಂದು ಹತ್ರ ಹತ್ರ ಸಾವಿರ ವರ್ಷ ಆತು, 1031ರ ಸುಮಾರಿಗೆ.

ನಮ್ಮ ಹೊನ್ನಾಳಿ ಮುಂದೆ ಹರಿಯೋ ತುಂಗಭದ್ರೆನೇ ಹರಿಹರ ದಾಟಿ ಹಂಪಿಗೆ ಹೋಗ್ತೈತೆ. ಆ ಹಂಪಿ ಹುಟ್ಟಿದ್ದೂ ಒಂದು ಮೊಲದಿಂದ ಅಂತ ಹೇಳ್ತಾರೆ. ಹೊಳೆ ಆ ಕಡೆ ಆನೆಗೊಂದಿ. ಅಲ್ಲಿಂದ ಬೇಟೆಗೆ ಬಂದಾಗ ನಾಯಿ ಮೊಲಾನ ಅಟ್ಟಿಸ್ಕಂಡು ಹೋತಂತೆ, ಓಡಿ ಓಡಿ ಒಂದು ಜಾಗಕ್ಕೆ ಬಂದಾಗ ಮೊಲನೇ ತಿರುಗಿ ನಿಂತು ನಾಯಿಗೆ ಕಚ್ಚಿತಂತೆ. ಇದು ಗಂಡುಮೆಟ್ಟಿದ ಜಾಗ ಅಂತ ಅಲ್ಲೇ ಪಟ್ಟಣ ಕಟ್ಟಿದ್ರು. 1535ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಕೂಡ ಈ ಕಥೆ ಕೇಳಿ ಬರೆದಿಟ್ಟಿದಾನೆ. ಬೇರೆ ಊರುಗಳಿಗೂ ಇಂಥದ್ದೇ ಕಥೆ ಹೇಳ್ತಾರೆ, ಹಂಗಾಗಿ ನಿಜವೋ ಸುಳ್ಳೋ ಅಂತ ಕೇಳೋಕೆ ನಾನು ಹೋಗಲ್ಲ. ನನಗೆ ಬೇಕಾದ್ದು ಇಷ್ಟು: ಬಯಲಿನಾಗೆ ಓಡೋದು, ಬೇಕಾದ್ರೆ ತಿರುಗಿ ನಿಲ್ಲೋದು, ಇದು ಕಾಡುಮೊಲದ ಗುಣ.

ಯಾಕಂದ್ರೆ ಕಾಡುಮೊಲಕ್ಕೆ ಬಿಲ ಇಲ್ಲ. ಹುಲ್ಲಿನಾಗೆ ಮೈ ಅಗಲದ ಒಂದು ತಗ್ಗು ಮಾಡ್ಕಂಡು ಕೂತಿರ್ತೈತೆ, ಅಷ್ಟೇ ಅದರ ಮನೆ. ಅದರ ಮರಿ ಹುಟ್ಟುವಾಗಲೇ ಮೈತುಂಬ ಕೂದಲು, ಕಣ್ಣು ಬಿಟ್ಟಿರ್ತೈತೆ. ಸ್ವಲ್ಪ ಹೊತ್ತಿಗೇ ಓಡಾಡ್ತೈತೆ. ಅಂಗಡಿಯಿಂದ ಬರೋ ಮೊಲ ಹಂಗಲ್ಲ. ಅದು ಬಿಲದ ಪ್ರಾಣಿ. ನೆಲದ ಒಳಗೆ ಕತ್ತಲಾಗೆ ಬೋಳು ಮೈಯಾಗೆ, ಕಣ್ಣು ಮುಚ್ಕಂಡು ಹುಟ್ಟಿ, ಹತ್ತು ದಿನಕ್ಕೆ ಕಣ್ಣು ಬಿಡ್ತೈತೆ. ಎರಡೂ ಜೋಡಿ ಕೂಡಿ ಮರಿ ಹಾಕೋದೂ ಇಲ್ಲ, ಜೀವಕಣದ ಲೆಕ್ಕನೇ ಬೇರೆ. ಒಂದಕ್ಕೆ 48 ವರ್ಣತಂತು, ಇನ್ನೊಂದಕ್ಕೆ 44. ಇಂಗ್ಲಿಷಿನವರು ಒಂದಕ್ಕೆ ಹೇರ್, ಇನ್ನೊಂದಕ್ಕೆ ರ‍್ಯಾಬಿಟ್ ಅಂತ ಬೇರೆ ಬೇರೆ ಹೆಸರಿಟ್ಟಿದಾರೆ. ನಮಗೆ ಆ ಎರಡನೇದು ಇರಲೇ ಇಲ್ಲವಲ್ಲ, ಹೆಸರು ಎಲ್ಲಿಂದ ಬರಬೇಕು.

ಈ ಬಿಲದ ಮೊಲದ ತವರು ಸ್ಪೇನ್ ಮತ್ತೆ ಪೋರ್ಚುಗಲ್ ಕಡೆ. ಎರಡು ಸಾವಿರ ವರ್ಷದ ಹಿಂದೆ ರೋಮಿನವರು ಗೋಡೆ ಕಟ್ಟಿದ ಹಿತ್ತಲಿನಾಗೆ ತಿನ್ನೋಕೆ ಅಂತ ಇವನ್ನ ಬಿಟ್ಕತಿದ್ರು. ಆಗಲೇ ಇದು ಹೊಸ ಜಾಗಕ್ಕೆ ಹೋದ್ರೆ ಏನಾಗ್ತೈತೆ ಅನ್ನೋದು ಗೊತ್ತಾಗಿತ್ತು. ಸ್ಪೇನ್ ಪಕ್ಕದ ಬಾಲಿಯಾರಿಕ್ ದ್ವೀಪದಾಗೆ ಮೊಲ ಹೆಚ್ಚಾಗಿ ಬೆಳೆ ಎಲ್ಲ ಹಾಳಾಗಿ, ಜನ ಚಕ್ರವರ್ತಿ ಅಗಸ್ಟಸ್ ಹತ್ರ ಹೋಗಿ ಸೈನ್ಯ ಕಳಿಸು ಅಂತ ಬೇಡ್ಕಂಡ್ರು ಅಂತ ಪ್ಲಿನಿ ಅನ್ನೋನು ಬರೆದಿದಾನೆ. ಮೊಲಕ್ಕೆ ಸೈನ್ಯ! ನಮ್ಮ ರೈತರು ಕಾಡುಹಂದಿಗೆ ಕೇಳೋದು ಗೊತ್ತು, ಇದು ಓದಿ ನಗು ಬಂತು.

ಮನೆ ಪ್ರಾಣಿ ಆಗಿದ್ದು ಮಾತ್ರ ತಡವಾಗಿ. ಕ್ರೈಸ್ತ ಸನ್ಯಾಸಿಗಳು ಉಪವಾಸದ ದಿನ ತಿನ್ನೋಕೆ ಅಂತ ಮೊಲದ ಮರಿ ಸಾಕಿದ್ರು, 600ರ ಸುಮಾರಿಗೆ ಗ್ರೆಗರಿ ಪೋಪ್ ಅದಕ್ಕೆ ಒಪ್ಪಿಗೆ ಕೊಟ್ಟಿದ್ದ ಅಂತ ಎಲ್ಲಾ ಪುಸ್ತಕದಾಗೂ ಬರೀತಿದ್ರು. 2018ರಲ್ಲಿ ಆಕ್ಸ್‌ಫರ್ಡಿನ ಸಂಶೋಧಕರು ಹಳೆ ಬರಹ ತೆಗೆದು ನೋಡಿದ್ರೆ, ಅಂಥಾ ಅಪ್ಪಣೆನೇ ಇಲ್ಲ. ಬೇರೆ ಒಬ್ಬ ಗ್ರೆಗರಿ ಬರೆದ ಮಾತನ್ನ ಪೋಪಿನ ತಲೆಗೆ ಕಟ್ಟಿದ್ರಂತೆ. ಒಬ್ಬರು ಬರೆದದ್ದು ನೋಡಿ ಇನ್ನೊಬ್ರು ಬರೆದ್ರೆ ಹಿಂಗೇ ಆಗೋದು. ಒಟ್ಟಿನಾಗೆ ದಕ್ಷಿಣ ಫ್ರಾನ್ಸಿನ ಕಾಡಿನ ಮೊಲವೇ ಮನೆ ಮೊಲದ ಹತ್ತಿರದ ನೆಂಟ, ಮನುಷ್ಯರ ಜೊತೆ ಬಂದು ಹೆಚ್ಚೂಕಮ್ಮಿ ಸಾವಿರ ಚಿಲ್ಲರೆ ವರ್ಷ ಆಗಿರಬಹುದು ಅಷ್ಟೇ. ನಾಯಿ ನಮ್ಮ ಜೊತೆ ಹತ್ತು ಸಾವಿರ ವರ್ಷಕ್ಕೂ ಹೆಚ್ಚು ಇರೋದು. ಆಕಳು, ಕುರಿ, ಮೇಕೆ ಎಲ್ಲ ಎಂಟತ್ತು ಸಾವಿರ ವರ್ಷದ್ದು. ಇವರ ಮುಂದೆ ಮೊಲ ನಿನ್ನೆ ಮದುವೆಯಾಗಿ ಬಂದ ಸೊಸೆ.

ಅದರ ತಲೆಯಾಗೆ ಭಯ ಎಷ್ಟು ಉಳಿದೈತೆ ಅಂತಾನೂ ನೋಡಿದಾರೆ. ಚಾರ್ಲ್ಸ್ ಡಾರ್ವಿನ್ ಮೊಲದ ತಲೆಬುರುಡೆ ಸಾಲಾಗಿ ಇಟ್ಕಂಡು ಅಳೆದು, ಮನೆ ಮೊಲದ ಮಿದುಳು ಕಾಡಿಂದಕ್ಕಿಂತ ಸಣ್ಣದು ಅಂತ 1868ರಲ್ಲಿ ಬರೆದ. 2018ರಲ್ಲಿ ಯಂತ್ರ ಹಾಕಿ ನೋಡಿದೋರು, ಭಯ ಹುಟ್ಟಿಸೋ ಭಾಗ ಮನೆ ಮೊಲದಾಗೆ ಕಡಿಮೆ, ಭಯಾನ ತಡೆಹಿಡಿಯೋ ಭಾಗ ಹೆಚ್ಚು ಅಂತ ಹೇಳಿದಾರೆ. ಕಡಿಮೆ ಅಂತ ಹೇಳಿದಾರೆ, ಇಲ್ಲ ಅಂತ ಹೇಳಿಲ್ಲ. ಈ ಮಾತು ನೆನಪಿರಲಿ.

ಆಸ್ಟ್ರೇಲಿಯಾದ ಕಥೆ ಎಲ್ಲರೂ ಹೇಳ್ತಾರೆ, ಅರ್ಧ ಮಾತ್ರ ಹೇಳ್ತಾರೆ. 1859ರ ಕ್ರಿಸ್‌ಮಸ್ ದಿನ ಥಾಮಸ್ ಆಸ್ಟಿನ್ ಅನ್ನೋ ಜಮೀನುದಾರನಿಗೆ ಇಂಗ್ಲೆಂಡಿನಿಂದ ಹಡಗಿನಾಗೆ 24 ಮೊಲ ಬಂದ್ವು. ಬೇಟೆಗೆ ಅಂತ ಬಿಟ್ಟ. ಐವತ್ತು ವರ್ಷದೊಳಗೆ ಖಂಡದ ತುಂಬಾ ಹರಡಿ, ಪಶ್ಚಿಮದ ಕಡೆ 1901ರಿಂದ 1907ರ ತನಕ ಸಾವಿರಾರು ಕಿಲೋಮೀಟರ್ ಬೇಲಿ ಹಾಕಿದ್ರೂ ನಿಲ್ಲಲಿಲ್ಲ. ಮೊಲ ಎಲ್ಲಿ ಬಿಟ್ಟರೂ ಬದುಕ್ತೈತೆ ಅನ್ನೋ ಮಾತು ಹುಟ್ಟಿದ್ದು ಇದರಿಂದ. ಆದ್ರೆ ಅದಕ್ಕಿಂತ ಎಪ್ಪತ್ತು ವರ್ಷ ಮೊದಲೇ, 1788ರ ಮೊದಲ ಹಡಗುಗಳಾಗೇ ಐದು ಮೊಲ ಆ ದೇಶಕ್ಕೆ ಬಂದಿದ್ವು. ಆಮೇಲೂ ಎಷ್ಟೋ ಸಲ ಬಂದ್ವು. ಅವು ಗೂಡಿನಾಗೆ ಸಾಕಿದ ಮೊಲ, ಊರು ಬಿಟ್ಟು ಆಚೆ ಹೋಗಲಿಲ್ಲ. ಆಸ್ಟಿನ್ ತರಿಸಿದ್ದರಾಗೆ ಕಾಡಿನಿಂದ ಹಿಡಿದ ಮೊಲದ ರಕ್ತ ಇತ್ತು, ಅದಕ್ಕೇ ಅವು ಗೆದ್ದವು ಅಂತ 2022ರಲ್ಲಿ ವಂಶವಾಹಿ ನೋಡಿ ಹೇಳಿದ್ರು. ಅಂದ್ರೆ ಸಾಕಿದ ಮೊಲಕ್ಕೆ ಕಾಡಿನ ಗಟ್ಟಿತನ ಹೋಗೈತೆ, ಮನೆಯ ಧೈರ್ಯ ಪೂರ್ತಿ ಬಂದಿಲ್ಲ. ಅತ್ತ ತವರೂ ಇಲ್ಲ, ಇತ್ತ ಅತ್ತೆಮನೆಯೂ ಇಲ್ಲ. ನಮ್ಮ ಓಣಿಗೆ ಬರೋದು ಇಂಥ ಪ್ರಾಣಿ.

ನಮ್ಮ ದೇಶಕ್ಕೆ ಹಿಂಡಿನ ಲೆಕ್ಕದಾಗೆ ಬಂದಿದ್ದು ಮೊನ್ನೆ ಮೊನ್ನೆ. ರಾಜಸ್ಥಾನದ ಅವಿಕಾನಗರದಾಗೆ ಕುರಿ ಮತ್ತೆ ಉಣ್ಣೆ ಸಂಶೋಧನಾ ಸಂಸ್ಥೆ ಐತೆ. 1970ರ ದಶಕದ ಕೊನೆಯಾಗೆ ಅಲ್ಲಿ ರಷ್ಯಾ ಕಡೆಯ ತಳಿಗಳನ್ನ ಮಾಂಸಕ್ಕೆ ಅಂತ ತಂದು ಸಾಕಿದ್ರು. ತುಪ್ಪಟಕ್ಕೆ ಅಂಗೋರಾ ಮೊಲಾನ ಕುಲು ಕಣಿವೆಯ ಚಳಿಯಾಗೆ ಸಾಕಿದ್ರು. ಕೊಡೈಕೆನಾಲ್ ಬೆಟ್ಟದ ಮನ್ನವನೂರಿನಾಗೂ ಅದೇ ಸಂಸ್ಥೆಯ ಶಾಖೆ ಐತೆ. ಈಗ ಅಂಗಡಿಯಾಗೆ ಕಾಣೋ ಬಿಳಿ ಮೊಲ ಹೆಚ್ಚಿನವು ನ್ಯೂಜಿಲೆಂಡ್ ವೈಟ್ ಅನ್ನೋ ತಳಿ ಅಥವಾ ಅದರ ಬೆರಕೆ. ಹೆಸರು ನ್ಯೂಜಿಲೆಂಡ್, ಹುಟ್ಟಿದ್ದು ಅಮೆರಿಕದಾಗೆ.

ಹೊಸ ಮನೆಗೆ ಬಂದ ಮರಿ ಹೆಂಗೆ ಒಗ್ಗಿಕೊಳ್ತೈತೆ ಅಂತ ಕೂತು ನೋಡಿ ಬರೆದೋರು ಯಾರಾದ್ರೂ ಇದಾರಾ ಅಂತ ಹುಡುಕಿದಾಗ ಸಿಕ್ಕಿದ್ದು ಒಬ್ಬ ಇಂಗ್ಲಿಷ್ ಕವಿ, ವಿಲಿಯಂ ಕೂಪರ್. ಅವನು ಸಾಕಿದ್ದು ಕಾಡುಮೊಲ, ಬಿಲದ ಮೊಲ ಅಲ್ಲ. ಆದ್ರೂ ಅವನ ಮಾತು ನಮಗೆ ಬರ್ತೈತೆ. ಆಲ್ನಿ ಅನ್ನೋ ಊರು, 1774ನೇ ಇಸವಿ. ಪಾಪ ಅವನಿಗೆ ಮನಸ್ಸಿನ ಕಾಯಿಲೆ, ಓದೋಕೂ ಆಗ್ತಿರಲಿಲ್ಲ, ಜನರ ಜೊತೆ ಬೆರೆಯೋಕೂ ಆಗ್ತಿರಲಿಲ್ಲ. ಪಕ್ಕದ ಮನೆ ಮಕ್ಕಳಿಗೆ ಯಾರೋ ಮೂರು ತಿಂಗಳ ಮೊಲದ ಮರಿ ಕೊಟ್ಟಿದ್ರು. ನಾಲ್ಕು ದಿನ ಆಡಿಸಿದ್ರು, ಆಮೇಲೆ ಬೇಜಾರಾತು, ಮೇವು ಹಾಕೋದು ಮರೆತ್ರು. ಮರಿ ದಿನದಿನಕ್ಕೂ ಸೊರಗೋದು ನೋಡಿ ಅವರ ಅಪ್ಪ ಇವನಿಗೆ ಕೊಟ್ಟ. ಇನ್ನೂರೈವತ್ತು ವರ್ಷ ಆತು, ಮಕ್ಕಳು ಅಂದ್ರೆ ಎಲ್ಲಾ ಕಡೆ ಒಂದೇ!

ಸುದ್ದಿ ಹಬ್ಬಿ ಊರಿನೋರೆಲ್ಲ ಮರಿ ತಂದು ಕೊಡೋಕೆ ಶುರು ಮಾಡಿದ್ರು. ಮೂರನ್ನ ಇಟ್ಕಂಡ. ಪುಸ್, ಟೈನಿ, ಬೆಸ್ ಅಂತ ಹೆಣ್ಣು ಹೆಸರಿನ ಥರ ಇದ್ರೂ ಮೂರೂ ಗಂಡೇ. ಕೈಯಾರೆ ಮರಗೆಲಸ ಮಾಡಿ ಮೂರಕ್ಕೂ ಬೇರೆ ಬೇರೆ ಮಲಗೋ ಗೂಡು ಕಟ್ಟಿದ. ಒಂದೇ ಕೈಯಿನ ಮೇವು, ಒಂದೇ ಮನೆ. ಆದ್ರೂ ಮೂರರ ಗುಣ ಬೇರೆ ಬೇರೆ. ಪುಸ್ ಬೇಗ ಒಗ್ಗಿಕೊಳ್ತು. ಅದಕ್ಕೊಮ್ಮೆ ಹುಷಾರಿಲ್ಲದೆ ಮೂರು ದಿನ ಬಿದ್ದಿದ್ದಾಗ ಬೇರೆ ಎರಡರಿಂದ ದೂರ ಇಟ್ಟು ಆರೈಕೆ ಮಾಡಿದ. ಎದ್ದ ಮೇಲೆ ಅದು ಅವನ ಕೈಯನ್ನ ಹಿಂದೆ ಮುಂದೆ, ಬೆರಳು ಬೆರಳಿನ ನಡುವೆ ಎಲ್ಲ ನೆಕ್ಕಿತಂತೆ. ಆಮೇಲೆ ದಿನಾ ತಿಂಡಿ ಆದ ಮೇಲೆ ಅದನ್ನ ತೋಟಕ್ಕೆ ಒಯ್ತಿದ್ದ. ಸೌತೆಬಳ್ಳಿ ಎಲೆ ಕೆಳಗೆ ಸಂಜೆ ತನಕ ಮಲಗಿರ್ತಿತ್ತು. ತೋಟಕ್ಕೆ ಹೋಗೋ ಹೊತ್ತಾದ್ರೆ ಅವನ ಮೊಣಕಾಲಿನ ಮ್ಯಾಲೆ ಕಾಲು ಬಡೀತಿತ್ತು, ಅಂಗಿ ಹಿಡಿದು ಎಳೀತಿತ್ತು. ಟೈನಿ ಮಾತ್ರ ಕೊನೆ ತನಕ ಒಗ್ಗಲಿಲ್ಲ. ಮುಟ್ಟೋಕೆ ಹೋದ್ರೆ ಗುರುಗುಟ್ಟಿ ಮುಂಗಾಲಿನಾಗೆ ಹೊಡೀತಿತ್ತು. ಅದಕ್ಕೆ ಅವನು ಬಯ್ಯಲಿಲ್ಲ, ಬಲವಂತ ಮಾಡಲಿಲ್ಲ. ಅದರ ಸಿಟ್ಟೂ ನೋಡೋಕೆ ಚೆಂದ ಅಂತ ಇಟ್ಕಂಡ. ಇದನ್ನೆಲ್ಲ 1784ರಲ್ಲಿ ಒಂದು ಪತ್ರಿಕೆಗೆ ಬರೆದ. ಪುಸ್ ಹನ್ನೆರಡು ವರ್ಷಕ್ಕೆ ಒಂದು ತಿಂಗಳು ಕಡಿಮೆ ಬದುಕ್ತು.

ಕೂಪರನ ಮಾತಿನಾಗೆ ನನಗೆ ಹಿಡಿಸಿದ್ದು ಇದೇ. ಒಗ್ಗಿಸೋದು ನಮ್ಮ ಕೈಯಾಗಿಲ್ಲ, ಒಗ್ಗೋಕೆ ಜಾಗ ಕೊಡೋದು ನಮ್ಮ ಕೈಯಾಗೈತೆ. ನಮ್ಮ ತಾಂಡಾಗಳಾಗೆ ಮದುವಣಗಿತ್ತಿ ತವರು ಬಿಡುವಾಗ ಢಾವಲೋ ಹಾಡ್ಕಂಡು ಅಳ್ತಾಳೆ, ಯಾರೂ ಸುಮ್ನಿರು ಅನ್ನಲ್ಲ. ಅಳೋಕೂ ಒಂದು ಹೊತ್ತು ಅಂತ ಇಟ್ಟಿದಾರೆ ಹಿರಿಯರು. ಮೊಲಕ್ಕೆ ಅಳೋಕೆ ಬರಲ್ಲ. ಹೆದರಿದ್ರೆ ಸದ್ದಿಲ್ಲದೆ ಮೂಲೆಗೆ ಒತ್ತಿ ಕೂರ್ತೈತೆ, ಮೇವು ಬಿಡ್ತೈತೆ. ನಾವು ಎಷ್ಟು ಸಾಧು ಅಂತ ಎತ್ತಿ ಮುದ್ದಾಡ್ತೀವಿ.

ಈಗ ನಮ್ಮ ಓಣಿ ಮನೆಗಳಾಗೆ ಆಗಿದ್ದು ಹೇಳ್ತೀನಿ, ಯಾರ ಮನೆ ಅನ್ನೋದು ಬ್ಯಾಡ. ಮರಿ ಬಂದ ದಿನವೇ ಓಣಿ ಮಕ್ಕಳೆಲ್ಲ ಕೂಡಿ ಒಬ್ಬರ ಕೈಯಿಂದ ಒಬ್ಬರಿಗೆ ದಾಟಿಸಿದ್ರು. ಯಾರೋ ಬೇಟೆಯವರ ಥರ ಕಿವಿ ಹಿಡಿದು ಎತ್ತಿದ್ರು. ಕಂಬಿ ಗೂಡಿನಾಗೆ ಪಡಸಾಲೆ ನಡುವೆ ಇಟ್ರು, ಪಕ್ಕದಾಗೆ ಟಿವಿ, ಬಾಗಿಲಾಗೆ ನಾಯಿ. ಮೊಲ ಅಂದ್ರೆ ಗಜ್ಜರಿ ಅಂತ ಬರೀ ಗಜ್ಜರಿ, ಮ್ಯಾಲೆ ಎಲೆಕೋಸು, ಬಿಸ್ಕತ್ತು. ಎರಡನೇ ದಿನಕ್ಕೆ ಭೇದಿ.

ಬಿಲದ ಪ್ರಾಣಿ ಅಂತ ತಿಳ್ಕಂಡು ನೋಡಿದ್ರೆ ಒಂದೊಂದೂ ತಾನಾಗೇ ಅರ್ಥ ಆಗ್ತೈತೆ. ಮೊದಲು ಅದಕ್ಕೆ ಬಿಲ ಬೇಕು. ಒಂದು ರಟ್ಟಿನ ಡಬ್ಬಿಗೆ ಎರಡು ಕಡೆ ಬಾಗಿಲು ಕೊಯ್ದು, ಮನೆಯ ತಣ್ಣನೆ ಮೂಲೆಗೆ ಬೋರಲು ಇಡ್ರಿ. ಎರಡು ಬಾಗಿಲು ಯಾಕಂದ್ರೆ ಒಂದರಾಗೆ ವೈರಿ ಬಂದ್ರೆ ಇನ್ನೊಂದರಾಗೆ ಓಡೋದು ಅದರ ರೂಢಿ, ಒಂದೇ ಇದ್ರೆ ಒಳಗೂ ನಡುಗ್ತೈತೆ. ತಂದ ಡಬ್ಬಿಯ ಹುಲ್ಲನ್ನ ಬಿಸಾಕಬ್ಯಾಡ್ರಿ, ಒಂದು ಹಿಡಿ ಹೊಸ ಗೂಡಿಗೆ ಹಾಕ್ರಿ, ತಾಯಿ-ತಂಗಿಯರ ವಾಸನೆ ಅದರಾಗೆ ಇರ್ತೈತೆ. ಮೊದಲ ಎರಡು ಮೂರು ದಿನ ಮೇವು ನೀರು ಇಡೋಕೆ ಬಿಟ್ರೆ ಮುಟ್ಟೋಕೆ ಹೋಗಬ್ಯಾಡ್ರಿ. ಮಕ್ಕಳನ್ನ ನೆಲದ ಮ್ಯಾಲೆ ಕೂರಿಸಿ ಪಾಠ ಓದೋಕೆ ಹೇಳ್ರಿ, ಮಗ್ಗಿ ಹೇಳಲಿ. ದನಿ ಕಿವಿಗೆ ಬಿದ್ದು ಬಿದ್ದು ಮರಿ ತಾನೇ ಬಂದು ಮೂಸ್ತೈತೆ. ಮ್ಯಾಲಿಂದ ಕೈ ಚಾಚಬಾರದು, ಮ್ಯಾಲಿಂದ ಬರೋದು ಅದರ ಲೆಕ್ಕದಾಗೆ ಹದ್ದು. ಎತ್ತಲೇಬೇಕು ಅಂದ್ರೆ ಒಂದು ಕೈ ಎದೆ ಕೆಳಗೆ, ಒಂದು ಕೈ ಕುಂಡಿ ಕೆಳಗೆ. ಅದರ ಹಿಂಗಾಲಿಗೆ ಬಲ ಜಾಸ್ತಿ, ಮೂಳೆ ಹಗುರ. ಗಾಳಿಯಾಗೆ ಒದ್ದಾಡಿದ್ರೆ ಬೆನ್ನುಮೂಳೆ ಅಲ್ಲೇ ಮುರೀತೈತೆ.

ರಾತ್ರಿ ಟಪ್ ಟಪ್ ಅಂತ ಹಿಂಗಾಲು ಬಡೀತೈತೆ, ದೆವ್ವ ಗಿವ್ವ ಅಂತ ಹೆದರಬ್ಯಾಡ್ರಿ. ನೆಲದ ಒಳಗಿರೋ ಬಳಗಕ್ಕೆ ವೈರಿ ಬಂತು ಅಂತ ಸುದ್ದಿ ಮುಟ್ಟಿಸೋದು ಹಂಗೆ. ಗಲ್ಲಾನ ಬಾಗಿಲಿಗೆ, ಕಾಲಿಗೆ ಉಜ್ಜಿದ್ರೆ ಒಳ್ಳೇ ಲಕ್ಷಣ, ಇದು ನನ್ನದು ಅಂತ ವಾಸನೆ ಹಚ್ತಾ ಇದೆ. ತನ್ನ ಮೆತ್ತನೆ ಹಿಕ್ಕೆ ತಾನೇ ತಿಂತೈತೆ, ಛೀ ಅನ್ನಬ್ಯಾಡ್ರಿ. ಆಕಳು ಮೆಲುಕು ಹಾಕಿದ ಹಾಗೆ, ಒಂದು ಸಲಕ್ಕೆ ಅರಗದ್ದನ್ನ ಎರಡನೇ ಸಲ ಅರಗಿಸ್ಕಣೋ ದಾರಿ ಅದು.

ಮೇವಿನ ವಿಷಯ ಎಲ್ಲಕ್ಕಿಂತ ದೊಡ್ಡದು. ಅದರ ಹೊಟ್ಟೆಯಾಗೆ ಹುಲ್ಲು ಅರಗಿಸೋ ಸೂಕ್ಷ್ಮಜೀವಿಗಳಿವೆ, ಮರಿಯಾಗಿದ್ದಾಗ ಅವು ಇನ್ನೂ ನೆಲೆ ನಿಂತಿರಲ್ಲ. ತಂದವರು ಏನು ತಿನ್ನಿಸ್ತಿದ್ರೋ ಕೇಳಿ, ಅದನ್ನೇ ಒಂದು ವಾರ ಹಾಕ್ರಿ. ಆಮೇಲೆ ದಿನಕ್ಕೆ ಸ್ವಲ್ಪ ಸ್ವಲ್ಪ ಬದಲಾಯಿಸಿ. ಮುಖ್ಯ ಊಟ ಒಣಹುಲ್ಲು. ನೆರಳಾಗೆ ಒಣಗಿಸಿದ ಗರಿಕೆ ಬಂಗಾರ. ಹಲ್ಲು ಸಾಯೋ ತನಕ ಬೆಳೀತಾನೇ ಇರ್ತಾವೆ, ನಾರು ಅಗಿದಷ್ಟೂ ಸವೀತಾವೆ. ಗಜ್ಜರಿ ಸಿಹಿ ತಿಂಡಿ ಇದ್ದಂಗೆ, ದೊಡ್ಡದಾದ ಮೇಲೆ ಬೆರಳಗಲ ಸಾಕು. ಹಸಿ ಸೊಪ್ಪು ಮೂರು ತಿಂಗಳು ತುಂಬಿದ ಮೇಲೆ ಒಂದೊಂದೇ ರುಚಿ ತೋರಿಸಿ. ನಮ್ಮೂರಾಗೆ ಇನ್ನೊಂದು ಅಪಾಯ ಐತೆ. ಮೆಕ್ಕೆಜೋಳಕ್ಕೆ ಕಳೆನಾಶಕ ಹೊಡೀತಾರಲ್ಲ, ಆ ಬದುವಿನ ಹುಲ್ಲು ಕಿತ್ತು ತರಬ್ಯಾಡ್ರಿ. ಹಿತ್ತಲ ಗರಿಕೆನೇ ಸೈ.

ಅರ್ಧ ದಿನ ಏನೂ ತಿನ್ನಲಿಲ್ಲ, ಹಿಕ್ಕೆ ಹಾಕಲಿಲ್ಲ ಅಂದ್ರೆ ನಾಳೆ ನೋಡೋಣ ಅನ್ನಬ್ಯಾಡ್ರಿ, ಪಶು ಆಸ್ಪತ್ರೆಗೆ ಹೋಗ್ರಿ. ಮನುಷ್ಯರ ಮಾತ್ರೆ ಪುಡಿ ಮಾಡಿ ಕೊಡೋದು ಬಿಡ್ರಿ. ನಾವು ನುಂಗೋ ಆಂಪಿಸಿಲಿನ್, ಅಮಾಕ್ಸಿಸಿಲಿನ್ ಥರದ್ದು ಮೊಲದ ಹೊಟ್ಟೆಗೆ ಬಿದ್ರೆ ಆ ಸೂಕ್ಷ್ಮಜೀವಿಗಳೇ ಸತ್ತು ಮೊಲಾನೂ ಸಾಯ್ತೈತೆ.

ಬೇಸಿಗೆಯಾಗೆ ತರೋದು ಬ್ಯಾಡ ಅಂತ ನನ್ನ ಮಾತು. ಅದಕ್ಕೆ ಬೆವರೋಕೆ ಬರಲ್ಲ, ಕಾವು ಹೋಗೋದು ಕಿವಿಯಿಂದ. ಮೂವತ್ತು ಡಿಗ್ರಿ ದಾಟಿದ್ರೆ ಕಷ್ಟ. ನಮ್ಮ ಏಪ್ರಿಲ್ ಬಿಸಿಲು, ಮ್ಯಾಲೆ ತಗಡಿನ ಶೀಟು, ಹೊಸ ಮನೆ, ಮೂರೂ ಒಟ್ಟಿಗೆ ತಡ್ಕಣಲ್ಲ. ಹಳೆ ಮಣ್ಣಿನ ಗೋಡೆ ಮನೆಯವರಿಗೆ ಪುಣ್ಯ, ಬೇರೆಯವರು ನೆಲಕ್ಕೆ ಒದ್ದೆ ಗೋಣಿಚೀಲ ಹಾಸಿ, ಪಕ್ಕದಾಗೆ ಮಣ್ಣಿನ ಮಡಕೆ ಒರಗಿಸಿಡ್ರಿ.

ಹೊಲದಾಗೆ ಸಿಕ್ಕ ಕಾಡುಮೊಲದ ಮರಿ ಮಾತ್ರ ಯಾರೂ ತರಬ್ಯಾಡ್ರಿ. ತಾಯಿ ಬಿಟ್ಟು ಹೋಗೈತೆ ಅಂತ ಅನ್ನಿಸ್ತೈತೆ, ಬಿಟ್ಟಿರಲ್ಲ. ಕತ್ತಲಾದ ಮೇಲೆ ಬಂದು ಹಾಲು ಕೊಟ್ಟು ಹೋಗೋದು ಅದರ ಪದ್ಧತಿ, ಹಗಲು ಹತ್ರ ಇದ್ರೆ ವೈರಿಗೆ ಗುರುತು ಸಿಗ್ತೈತೆ ಅಂತ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಹಿಡಿಯೋದೂ ಸಾಕೋದೂ ಅಪರಾಧ. ಜಗಳೂರು ಕಡೆ ರಂಗಯ್ಯನದುರ್ಗದಾಗೆ ಕೊಂಡುಕುರಿಗೆ ಅಂತ ವನ್ಯಧಾಮ ಮಾಡಿದಾರೆ, ಅಂಥಾ ಕುರುಚಲು ಕಾಡೇ ಅದಕ್ಕೂ ಮನೆ.

ಮೂರನೇ ಮನೆಯ ಮರಿ ಉಳೀತು ಅಂದ್ನಲ್ಲ, ಅವರು ಜೋಡಿ ತಂದಿದ್ರು, ಅಕ್ಕ ತಂಗಿ ಅಂತ ಅಂಗಡಿಯವನು ಹೇಳಿ ಕೊಟ್ಟಿದ್ದ. ಒಂದಕ್ಕೊಂದು ಒರಗಿ ಮಲಗ್ತಿದ್ವು, ಅದಕ್ಕೇ ಭಯ ಕಮ್ಮಿ ಆತು. ಐದು ತಿಂಗಳಿಗೆ ಒಂದು ತನ್ನ ಎದೆ ಕೂದಲು ಕಿತ್ತು ಕಿತ್ತು ಡಬ್ಬಿಯಾಗೆ ಹಾಸೋಕೆ ಶುರು ಮಾಡ್ತು. ಅಕ್ಕ ತಂಗಿ ಅಲ್ಲ ಅಂತ ಆವಾಗ ಗೊತ್ತಾತು. ಮೊಲಕ್ಕೆ ಗಬ್ಬ ಮೂವತ್ತೊಂದೇ ದಿನ. ಈಗ ಆರು ಮರಿ ಅದಾವೆ, ಕಣ್ಣು ಬಿಟ್ಟಾವೆ. ಬೇಕು ಅಂತ ಈಗಲೇ ನಾಲ್ಕು ಮನೆಯವರು ಹೇಳಿ ಇಟ್ಟಿದಾರೆ. ಎಂಟು ವಾರ ತುಂಬೋ ತನಕ ತಾಯಿ ಬಿಡಿಸಲ್ಲ ಅಂತ ಆ ಮನೆಯಾಕಿ ಖಡಾಖಂಡಿತ ಹೇಳಿಯಾಳೆ. ಕೊಡುವಾಗ ಒಂದು ಹಿಡಿ ಹಾಸಿದ ಹುಲ್ಲೂ ಕೊಡ್ತಾಳಂತೆ, ಡಬ್ಬಿ ಮಾತ್ರ ನೀವೇ ತರಬೇಕು, ಎರಡು ಬಾಗಿಲು ಕೊಯ್ದಿದ್ದು.